ಅಪ್ಪ ಬಹುವಚನಕ್ಕೆ ತಿರುಗಿದಾಗ

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಹೀಗೊಂದು ವಾಕ್ಯವಿತ್ತು: ‘ರುಲ್ಫೊನ ತಂದೆ ಮಗನನ್ನು ಎಷ್ಟೇ ಬೈದರೂ ಅವರಿಬ್ಬರ ನಡುವಿನ ಏಕವಚನದ ಸಲುಗೆ ಕಡೆಯವರೆಗೂ ಮುರಿಯುವುದಿಲ್ಲ.’ ಬರೆದಾಗ ಈ ವಾಕ್ಯದ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು. ವಿಭಾಗದ ಸೆಮಿನಾರಿನಲ್ಲಿ ಓದಿದಾಗ ಒಂದಿಬ್ಬರು ತಲೆದೂಗಿದ್ದರು. ಈಗ ಅದು ಪ್ರಬಂಧದಲ್ಲಿಲ್ಲ. ತಪ್ಪಾಗಿತ್ತು ಎಂದಷ್ಟೇ ಹೇಳಿದರೆ ಸಾಲದು. ಮೂಲ ಕತೆಯಲ್ಲಿ ಏನು ನಡೆಯುತ್ತದೋ ಅದಕ್ಕೆ ನೇರ ವಿರುದ್ಧವಾದದ್ದನ್ನು ನಾನು ಬರೆದಿದ್ದೆ. ಅದು ಗೊತ್ತಾದದ್ದು ಗ್ರಂಥಾಲಯದಲ್ಲಲ್ಲ. ಮೆಕ್ಸಿಕೊದ ಒಂದು ಅಡುಗೆಮನೆಯಲ್ಲಿ, ಒಬ್ಬ ಅಜ್ಜಿ ತನ್ನ ಮೊಮ್ಮಗನನ್ನು ಬೈಯುತ್ತಿದ್ದಾಗ.

ಕತೆ ಹುವಾನ್ ರುಲ್ಫೊನದು. 1917ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡ ಈ ಮೆಕ್ಸಿಕನ್ ಲೇಖಕ ಬರೆದದ್ದು ಬಹಳ ಕಡಿಮೆ. 1953ರ ‘ಎಲ್ ಯಾನೊ ಎನ್ ಯಾಮಾಸ್’ ಕಥಾಸಂಕಲನ, 1955ರ ‘ಪೆದ್ರೊ ಪಾರಾಮೊ’ ಕಾದಂಬರಿ, ಈ ಎರಡು ತೆಳ್ಳನೆಯ ಪುಸ್ತಕಗಳ ಮೇಲೆ ಅವನ ಹೆಸರು ನಿಂತಿದೆ. ನಾನು ಹೇಳುತ್ತಿರುವ ಕತೆ ಆ ಸಂಕಲನದ್ದು. ಬೆಳುದಿಂಗಳ ರಾತ್ರಿ. ಗಾಯಗೊಂಡ ದೊಡ್ಡ ಮಗನನ್ನು ಮುದಿ ತಂದೆ ಹೆಗಲ ಮೇಲೆ ಹೊತ್ತುಕೊಂಡು ತೋನಾಯಾ ಎಂಬ ಊರಿನ ಕಡೆಗೆ ನಡೆಯುತ್ತಿದ್ದಾನೆ. ಅಲ್ಲಿ ವೈದ್ಯರಿದ್ದಾರಂತೆ. ಮಗನ ಭಾರದಲ್ಲಿ ತಂದೆಯ ಕಿವಿ ಮುಚ್ಚಿಹೋಗಿದೆ, ಬಗ್ಗಿದ ಕತ್ತಿನಿಂದಾಗಿ ಮುಂದಿನದು ಕಾಣುವುದಿಲ್ಲ. ಆದ್ದರಿಂದ ಮತ್ತೆ ಮತ್ತೆ ಮಗನನ್ನೇ ಕೇಳುತ್ತಾನೆ: ಊರಿನ ದೀಪ ಕಾಣಿಸುತ್ತಿದೆಯೆ? ನಾಯಿ ಬೊಗಳುವುದು ಕೇಳಿಸುತ್ತಿದೆಯೆ? ಮಗ ದರೋಡೆಕೋರ. ತನಗೆ ಹೆಸರಿಟ್ಟ ಧರ್ಮಪಿತನನ್ನೂ ಕೊಂದವರ ಗುಂಪಿನವನು. ಹೊತ್ತುಕೊಂಡು ಹೋಗುತ್ತಲೇ ತಂದೆ ಅವನನ್ನು ಬೈಯುತ್ತಾನೆ. ಇದನ್ನೆಲ್ಲ ಮಾಡುತ್ತಿರುವುದು ಸತ್ತುಹೋದ ನಿನ್ನ ತಾಯಿಗಾಗಿ ಹೊರತು ನಿನಗಾಗಿ ಅಲ್ಲ ಎನ್ನುತ್ತಾನೆ. ಕಡೆಗೆ ಊರು ಮುಟ್ಟಿದಾಗ ಮಗನ ಮೈ ಜೋತುಬಿದ್ದಿದೆ. ಕತ್ತಿಗೆ ಬಿಗಿದಿದ್ದ ಬೆರಳುಗಳನ್ನು ಬಿಡಿಸಿದ ಮೇಲೆ ತಂದೆಗೆ ಕೇಳಿಸುತ್ತದೆ: ಎಲ್ಲ ಕಡೆ ನಾಯಿಗಳು ಬೊಗಳುತ್ತಿವೆ.

ಮೇಲಿನ ಸಾರಾಂಶದಲ್ಲಿ ‘ನಿನ್ನ ತಾಯಿಗಾಗಿ’ ಎಂದು ಬರೆದೆನಲ್ಲ, ನನ್ನ ಹಳೆಯ ತಪ್ಪು ಅಲ್ಲೇ ಇದೆ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ.

ನಾನು ಈ ಕತೆಯನ್ನು ಮೊದಲು ಓದಿದ್ದು ಇಂಗ್ಲಿಷಿನಲ್ಲಿ, 1967ರಲ್ಲಿ ಬಂದ ಜಾರ್ಜ್ ಶೇಡ್ ಅವರ ಅನುವಾದದಲ್ಲಿ. ಅದರಿಂದಲೇ ಕನ್ನಡಕ್ಕೆ ತಂದುಕೊಂಡೆ. ತಂದೆ ಮಗನ ಜೊತೆ ಆಡುವ ಮಾತಿಗೆ ಎಲ್ಲೆಡೆ ‘ನೀನು’ ಹಾಕಿದೆ. ಹಾಕದೆ ಇನ್ನೇನು ಮಾಡಲಿ? ಅಪ್ಪ ಮಗನನ್ನು ‘ನೀನು’ ಎನ್ನದೆ ‘ನೀವು’ ಎನ್ನುತ್ತಾನೆಯೆ? ಆ ‘ನೀನು’ ನನ್ನದೇ ಆಯ್ಕೆ ಎಂಬುದು ಮರೆತೇಹೋಗಿ, ಅದರ ಮೇಲೆ ಒಂದು ವಿಮರ್ಶೆಯ ವಾಕ್ಯವನ್ನೂ ಕಟ್ಟಿದೆ. ನಾನೇ ಇಟ್ಟದ್ದನ್ನು ನಾನೇ ಹುಡುಕಿ ತೆಗೆದು ರುಲ್ಫೊನ ಗುಣ ಎಂದು ಹೊಗಳಿದೆ.

ಲ್ಯಾಟಿನ್ ಅಮೆರಿಕದ ಸಾಹಿತ್ಯವನ್ನು ಕನ್ನಡದ ಮೂಲಕ ಓದುವ ನಾವೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ಬಂದವರು. ನೆರೂದಾ, ಬೋರ್ಹೆಸ್, ಮಾರ್ಕೆಸ್ ನಮ್ಮಲ್ಲಿಗೆ ಬಹುಪಾಲು ಇಂಗ್ಲಿಷಿನ ಕೈ ಹಿಡಿದು ಬಂದವರು. ಅದರಲ್ಲಿ ಅವಮಾನವೇನೂ ಇಲ್ಲ; ಆ ಅನುವಾದಗಳು ಇಲ್ಲದಿದ್ದರೆ ನಾನು ಈ ಸಂಶೋಧನೆಗೇ ಬರುತ್ತಿರಲಿಲ್ಲ. ಆದರೆ ಮೂಲ ಭಾಷೆಯ ಒಂದಕ್ಷರ ಗೊತ್ತಿಲ್ಲದೆ ಅದರ ಶೈಲಿಯ ಬಗ್ಗೆ ಅಧ್ಯಾಯ ಬರೆಯುವುದು ನನಗೇ ಮುಜುಗರ ತರುತ್ತಿತ್ತು. ಊರಲ್ಲೇ ಒಂದೂವರೆ ವರ್ಷ ಅಷ್ಟಿಷ್ಟು ಸ್ಪ್ಯಾನಿಷ್ ಕಲಿತೆ. ಆಮೇಲೆ ಫೆಲೋಶಿಪ್ಪಿನಲ್ಲಿ ಉಳಿದ ದುಡ್ಡು, ಅಣ್ಣನ ಹತ್ತಿರ ಮಾಡಿದ ಸಾಲ ಸೇರಿಸಿ ಆರು ವಾರಗಳ ಇಮ್ಮರ್ಶನ್ ಕೋರ್ಸಿಗೆಂದು ಮೆಕ್ಸಿಕೊದ ಕ್ವೆರ್ನವಾಕಾಕ್ಕೆ ಹೋದೆ. ಬೆಳಿಗ್ಗೆ ನಾಲ್ಕು ತಾಸು ತರಗತಿ, ಉಳಿದ ಹೊತ್ತು ಒಂದು ಕುಟುಂಬದ ಜೊತೆ ವಾಸ, ಎಚ್ಚರವಿರುವಷ್ಟು ಹೊತ್ತೂ ಸ್ಪ್ಯಾನಿಷ್. ಕೋರ್ಸಿನ ಕರಾರು ಅದು.

ಆ ಊರಿನ ಹೆಸರಿನ ಕತೆಯನ್ನು ಮೊದಲ ದಿನವೇ ಹೇಳಿದರು. ಸ್ಪ್ಯಾನಿಷರು ಬರುವ ಮೊದಲು ಅದು ನಹುವಾತ್ಲ್ ಭಾಷೆಯಲ್ಲಿ ‘ಕ್ವೌನಾವಾಕ್’, ಮರಗಳ ಹತ್ತಿರದ ಊರು. ದಂಡೆತ್ತಿ ಬಂದವರ ಬಾಯಲ್ಲಿ ಅದು ಹೊರಳಲಿಲ್ಲ. ಅವರ ಕಿವಿಗೆ ಕೇಳಿಸಿದ್ದು ಅವರಿಗೆ ಗೊತ್ತಿದ್ದ ಎರಡು ಶಬ್ದ: ‘ಕ್ವೆರ್ನೊ’ ಎಂದರೆ ಕೊಂಬು, ‘ವಾಕಾ’ ಎಂದರೆ ಹಸು. ಮರಗಳ ಊರು ಹಸುವಿನ ಕೊಂಬಾಯಿತು. ಮಡಿಕೇರಿಯನ್ನು ಮರ್ಕೆರಾ ಮಾಡಿದ ದೊರೆಗಳನ್ನು ಕಂಡ ನಾಡಿನಿಂದ ಬಂದವಳಿಗೆ ಇದು ಹೊಸತೇನಲ್ಲ, ಕೇಳಿ ನಕ್ಕೆ. ಇನ್ನೊಬ್ಬರ ಮಾತನ್ನು ನಮಗೆ ಗೊತ್ತಿರುವ ಶಬ್ದಗಳಲ್ಲೇ ಕೇಳಿಸಿಕೊಳ್ಳುವುದು ಆಳುವವರ ಚಟ ಮಾತ್ರ ಎಂದುಕೊಂಡಿದ್ದೆ. ನನ್ನ ಮೂರನೇ ಅಧ್ಯಾಯದಲ್ಲೂ ಅಂಥದ್ದೊಂದು ಹಸುವಿನ ಕೊಂಬು ಇದೆ ಎಂಬುದು ಆಗ ತಿಳಿದಿರಲಿಲ್ಲ.

ಇಮ್ಮರ್ಶನ್ ಎಂದರೆ ಮುಳುಗುವುದು, ಮುಳುಗಿಸುವುದು. ಇದರ ಹಿಂದಿನ ನಂಬಿಕೆ ಸರಳ: ಮಗು ಭಾಷೆ ಕಲಿಯುವುದು ಅನುವಾದ ಮಾಡಿಕೊಂಡಲ್ಲ, ಆದ್ದರಿಂದ ದೊಡ್ಡವರೂ ಹಾಗೇ ಕಲಿಯಲಿ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ತೆರೆದ ಶಾಲೆ ಈ ನಂಬಿಕೆಯನ್ನು ವ್ಯಾಪಾರವಾಗಿ ಬೆಳೆಸಿತು. ಅಲ್ಲಿ ವಿದ್ಯಾರ್ಥಿಯ ಮಾತೃಭಾಷೆಗೆ ಪ್ರವೇಶವಿರಲಿಲ್ಲ. 1965ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಶುರುವಾದ ಮೇಲೆ ‘ಇಮ್ಮರ್ಶನ್’ ಎಂಬ ಮಾತು ಶಿಕ್ಷಣದಲ್ಲಿ ನೆಲೆಯೂರಿತು.

ನನ್ನ ತರಗತಿಯಲ್ಲೂ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಗೆ ಅವಕಾಶವಿರಲಿಲ್ಲ. ಆದರೂ ಇಂಗ್ಲಿಷ್ ಒಳಗೇ ಕೂತಿತ್ತು. ಐದು ಜನ ವಿದ್ಯಾರ್ಥಿಗಳಲ್ಲಿ ನಾಲ್ವರು ಅಮೆರಿಕ, ಕೆನಡಾದವರು. ಪಾಠದ ಕ್ರಮ, ಎಲ್ಲಿ ನಿಧಾನ ಮಾಡಬೇಕು, ಯಾವುದು ಕಷ್ಟ, ಯಾವುದು ವಿಚಿತ್ರ, ಎಲ್ಲವೂ ಇಂಗ್ಲಿಷ್ ಮಾತಾಡುವವರಿಗೆ ಏನು ಕಷ್ಟ ಎಂಬ ಲೆಕ್ಕದಲ್ಲಿ ತಯಾರಾಗಿತ್ತು. ‘ಮೆ ಗುಸ್ತಾ’ ಎಂಬ ರೂಪಕ್ಕೆ ಎರಡು ದಿನ ಕೊಟ್ಟರು. ‘ಇದು ತಲೆಕೆಳಗಾದ ಕ್ರಿಯಾಪದ, ಹೆದರಬೇಡಿ’ ಎಂದರು ಮೇಷ್ಟ್ರು. ಉಳಿದವರಂತೆ ನಾನೂ ಎರಡು ದಿನ ಹೆದರಿದೆ. ಮೂರನೇ ದಿನ ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು: ಇದು ‘ನನಗೆ ಇಷ್ಟ’ ಅಲ್ಲವೆ? ‘ಮೆ’ ಎಂದರೆ ನನಗೆ. ತಲೆನೋವಿನ ‘ಮೆ ದುಏಲೆ’ ಎಂದರೆ ನನಗೆ ನೋಯುತ್ತದೆ. ಇದರಲ್ಲಿ ತಲೆಕೆಳಗು ಯಾವುದು? ಕನ್ನಡದಲ್ಲಿ ಇಷ್ಟ, ನೋವು ಎಲ್ಲವೂ ನಮಗೆ ಆಗುವಂಥವು. ಹುಟ್ಟಿದಾಗಿನಿಂದ ಆಡುತ್ತಿರುವ ವಾಕ್ಯವನ್ನು ನಾನು ಇಂಗ್ಲಿಷಿನ ಕಡೆಯಿಂದ ನೋಡಿ ಎರಡು ದಿನ ಹೆದರಿದ್ದೆ.

ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅರ್ಥ ಬರೆದುಕೊಳ್ಳುತ್ತಿದ್ದ ಕಡೆ ಗೆರೆ ಎಳೆದು ಕನ್ನಡಕ್ಕೆ ಜಾಗ ಮಾಡಿದೆ. ಕಷ್ಟಗಳ ಪಟ್ಟಿಯೇ ಬದಲಾಯಿತು. ‘ಆಬ್ಲೊ’ ಎಂದರೆ ಸಾಕು, ‘ನಾನು’ ಎನ್ನಬೇಕಿಲ್ಲ; ‘ಮಾತಾಡುತ್ತೇನೆ’ ಎಂಬಲ್ಲಿ ನಾನು ಇದ್ದೇನಲ್ಲ, ಹಾಗೆ. ಸತ್ತವನ ಬಗ್ಗೆ ಹೇಳುವಾಗ ಸ್ಪ್ಯಾನಿಷಿನಲ್ಲಿ ‘ಎಸ್ತಾರ್’ ಬಳಸುತ್ತಾರೆ. ಮನೆಯಲ್ಲಿದ್ದಾನೆ, ಬೇಸರದಲ್ಲಿದ್ದಾನೆ ಎನ್ನುವಾಗ ಬರುವ ‘ಇದ್ದಾನೆ’ ಅದು. ಶಾಶ್ವತವಾದ ಸಾವಿಗೆ ಸ್ಥಿತಿಯನ್ನು ಹೇಳುವ ಕ್ರಿಯಾಪದ ಏಕೆ ಎಂದು ಜೊತೆಯವರು ತಲೆ ಕೆಡಿಸಿಕೊಂಡರು. ನಾವು ‘ಸತ್ತಿದ್ದಾನೆ’ ಎನ್ನುತ್ತೇವೆ. ಸತ್ತು, ಇದ್ದಾನೆ. ಸತ್ತವರೆಲ್ಲ ಊರು ತುಂಬ ಮಾತಾಡುತ್ತ ‘ಇರುವ’ ‘ಪೆದ್ರೊ ಪಾರಾಮೊ’ವನ್ನು ಆ ಒಂದು ಕ್ರಿಯಾಪದದ ಬೆಳಕಿನಲ್ಲಿ ಮತ್ತೆ ಓದಬೇಕೆನಿಸಿತು.

ಹಾಗೆಂದು ಕನ್ನಡಕ್ಕೂ ಸ್ಪ್ಯಾನಿಷಿಗೂ ಏನೋ ಗುಟ್ಟಿನ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಮೇಜು ಹೆಣ್ಣೇಕೆ, ಪುಸ್ತಕ ಗಂಡೇಕೆ ಎಂಬುದರಲ್ಲಿ ಕನ್ನಡ ನನ್ನ ನೆರವಿಗೆ ಬರಲಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಪೂರಾ ಮುಳುಗಿದ್ದೇನೆ ಎಂದುಕೊಂಡಾಗಲೂ ನಾವು ಯಾವುದೋ ಒಂದು ದಡದಿಂದಲೇ ನೀರಿಗಿಳಿದಿರುತ್ತೇವೆ. ನನ್ನದು ಯಾವ ದಡ ಎಂದು ಕೋರ್ಸು ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಇನ್ನು ಅಡುಗೆಮನೆಯ ಸಂಗತಿ.

ನಾನಿದ್ದ ಮನೆಯಲ್ಲಿ ಮೂವರು: ಅರವತ್ತು ದಾಟಿದ ಸೆನ್ಯೋರಾ, ಅವರ ಮಗಳು, ಒಂಬತ್ತು ವರ್ಷದ ಮೊಮ್ಮಗ. ಸೆನ್ಯೋರಾ ನನ್ನನ್ನು ಎರಡನೇ ದಿನದಿಂದಲೇ ‘ಮಿಹಾ’ ಎನ್ನತೊಡಗಿದರು; ಮಗಳೇ ಎಂದರ್ಥ. ನಾನು ಅವರಿಗೆ ‘ಉಸ್ತೇದ್’ ಎನ್ನುತ್ತಿದ್ದೆ, ಅವರು ನನಗೆ ‘ತೂ’ ಎನ್ನುತ್ತಿದ್ದರು. ಪಠ್ಯಪುಸ್ತಕದಲ್ಲಿ ಇವೆರಡನ್ನೂ ಒಂದು ಚಿಕ್ಕ ಚೌಕದಲ್ಲಿ ಹಾಕಿ ಮುಗಿಸಿದ್ದರು: ‘ತೂ’ ಸಲುಗೆಗೆ, ‘ಉಸ್ತೇದ್’ ಗೌರವಕ್ಕೆ. ನೀನು, ನೀವು ಎಂದು ಬರೆದುಕೊಂಡೆ. ಇದೊಂದು ಪಾಠ ಸುಲಭ ಎಂದುಕೊಂಡೆ.

ನಾಲ್ಕನೇ ವಾರದ ಒಂದು ಸಂಜೆ. ಸೆನ್ಯೋರಾ ಒಲೆಯ ಮೇಲೆ ತೋರ್ತಿಯಾ ಬಿಸಿ ಮಾಡುತ್ತಿದ್ದರು. ಹುಡುಗ ಅವರ ಪರ್ಸಿನಿಂದ ಕೇಳದೆ ಚಿಲ್ಲರೆ ತೆಗೆದುಕೊಂಡು ಅಂಗಡಿಗೆ ಹೋಗಿದ್ದು, ಅದೂ ಮೊದಲ ಸಲವಲ್ಲ ಎಂಬುದು ಬಯಲಾಯಿತು. ಅವರು ಮೊದಲು ಬೈದದ್ದು ಎಂದಿನಂತೆ, ದನಿ ಏರಿಸಿ, ‘ತೂ’ ಎಂದೇ. ಹುಡುಗ ಅದಕ್ಕೆ ಅಷ್ಟೇನೂ ಸೊಪ್ಪು ಹಾಕಲಿಲ್ಲ. ಆಗ ಅವರು ಒಲೆ ಆರಿಸಿ, ದನಿ ಇಳಿಸಿ, ಒಂದು ಮಾತು ಹೇಳಿದರು: ‘ನೀವು ಇನ್ನು ಮೇಲೆ ನನ್ನ ಪರ್ಸ್ ಮುಟ್ಟಬಾರದು.’ ‘ಉಸ್ತೇದ್’ ಎಂದರು. ಒಂಬತ್ತು ವರ್ಷದ ಹುಡುಗನಿಗೆ. ಅವನ ಮುಖ ಬಿಳಿಚಿಕೊಂಡಿತು. ನನಗೆ ವಾಕ್ಯದ ಅರ್ಥ ಆಗುವ ಮೊದಲೇ ಏನೋ ಆಗಬಾರದ್ದು ಆಯಿತೆಂದು ಗೊತ್ತಾಯಿತು. ಊಟ ಮುಗಿಯುವವರೆಗೂ ಅವರು ಅವನಿಗೆ ‘ಉಸ್ತೇದ್’ ಎಂದೇ ಬಡಿಸಿದರು. ಮರುದಿನ ಬೆಳಿಗ್ಗೆ ಹಾಲಿನ ಲೋಟ ಮುಂದಿಟ್ಟು ‘ತೂ’ ಎಂದರು. ಹುಡುಗ ಲೋಟ ಎತ್ತಿದ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೆಕ್ಸಿಕೊ ನಗರದಲ್ಲಿ ಕೊಂಡಿದ್ದ ರುಲ್ಫೊನ ಪುಸ್ತಕ ತೆಗೆದು ಆ ಕತೆಯನ್ನು ಬೆರಳಿಟ್ಟು ಓದಿದೆ. ಅದೇನೂ ಅಡಗಿ ಕೂತಿರಲಿಲ್ಲ, ಪುಟದ ಮೇಲೆ ಹರಡಿತ್ತು. ಕತೆಯ ಶುರುವಿನಲ್ಲಿ ದೀಪ ಕಾಣುತ್ತದೆಯೆ, ನಾಯಿ ಕೇಳುತ್ತದೆಯೆ ಎಂದು ಕೇಳುವಾಗ ತಂದೆಯದು ‘ತೂ’. ಮಗನ ಪಾಪಗಳನ್ನು ಎತ್ತಿ ಆಡಲು ಶುರುಮಾಡಿದ ಕೂಡಲೇ, ನಿಮಗಾಗಿ ಅಲ್ಲ ನಿಮ್ಮ ತಾಯಿಗಾಗಿ ಎನ್ನುವಲ್ಲಿ, ‘ಉಸ್ತೇದ್’. ದಾಹವಾಗಿದೆ ಎಂದು ಮಗ ನರಳಿದಾಗ, ಅವನು ಹುಟ್ಟಿದ ಹೊತ್ತು, ಹಸಿದು ಏಳುತ್ತಿದ್ದ ಕೂಸು ನೆನಪಾಗಿ ಮತ್ತೆ ‘ತೂ’. ಅಳುತ್ತಿದ್ದೀಯಾ ಎಂಬ ಪ್ರಶ್ನೆ ‘ತೂ’ನಲ್ಲಿ ಬರುತ್ತದೆ, ಮರುವಾಕ್ಯ ‘ಉಸ್ತೇದ್’ಗೆ ಸರಿಯುತ್ತದೆ. ನಾಯಿಗಳ ಬೊಗಳು ಕೇಳಿಸಿದ ಮೇಲೆ ಕಡೆಯ ಮಾತು ‘ತೂ’ನಲ್ಲಿ. ಕತೆಯ ನಿಜವಾದ ನಡಿಗೆ ಇದು: ದಾರಿ ಬೆಟ್ಟ ಹತ್ತಿ ಇಳಿಯುವಂತೆ ತಂದೆಯ ಮಾತು ಹತ್ತಿರ ಬರುತ್ತದೆ, ದೂರ ಸರಿಯುತ್ತದೆ. ಮೈ ಮಾತ್ರ ಮಗನನ್ನು ಇಳಿಸುವುದಿಲ್ಲ. ಹೆಗಲು ಅವನನ್ನು ಹೊತ್ತಿದೆ, ನಾಲಿಗೆ ಅವನನ್ನು ಮಗನಲ್ಲ ಎನ್ನುತ್ತಿದೆ. ಇದನ್ನೇ ನಾನು ‘ಕಡೆಯವರೆಗೂ ಮುರಿಯದ ಸಲುಗೆ’ ಎಂದು ಕರೆದಿದ್ದೆ.

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸರ್ವನಾಮ. ಅದು ಅನುವಾದಕರ ತಪ್ಪಲ್ಲ. ಅವರ ಭಾಷೆಯಲ್ಲಿ ಆ ಮೆಟ್ಟಿಲು ಬಹಳ ಹಿಂದೆಯೇ ಹೋಗಿದೆ. ಆದರೆ ಶೀರ್ಷಿಕೆಯನ್ನೂ ನೋಡಿ. ಸ್ಪ್ಯಾನಿಷ್ ಶೀರ್ಷಿಕೆಯ ಕ್ರಿಯಾಪದದಲ್ಲೇ ಒಬ್ಬ ‘ನೀನು’ ಇದ್ದಾನೆ: ನಾಯಿ ಬೊಗಳುವುದು ನಿನಗೆ ಕೇಳಿಸುತ್ತಿಲ್ಲ. ಶೇಡ್ ಅದಕ್ಕೆ ಕೊಟ್ಟ ‘ನೋ ಡಾಗ್ಸ್ ಬಾರ್ಕ್’ ಎಂಬ ಹೆಸರಿನಲ್ಲಿ ಉಳಿದಿರುವುದು ಯಾವ ನಾಯಿಯೂ ಬೊಗಳುವುದಿಲ್ಲ ಎಂಬ ಸುದ್ದಿ. ಎದುರಿಗಿದ್ದವನೇ ಹೋಗಿಬಿಟ್ಟ. ಮೂಲದಲ್ಲಿ ಒಬ್ಬ ಇನ್ನೊಬ್ಬನಿಗೆ ಆಡಿದ ಮಾತು, ಅನುವಾದದಲ್ಲಿ ಯಾರಿಗೂ ಆಡದ ಮಾತಾಗಿದೆ. ಕತೆಯಾದರೋ ಪೂರಾ ಇರುವುದು ಯಾರು ಯಾರಿಗೆ ಹೇಗೆ ಮಾತಾಡುತ್ತಾರೆ ಎಂಬುದರಲ್ಲಿ.

ಈಗ ಕನ್ನಡದ ಪ್ರಶ್ನೆ. ಏಕವಚನದಲ್ಲಿ ಕರೆದ ಎಂದು ಊರುಗಳಲ್ಲಿ ಜಗಳವೇ ಆಗುವಂಥ ಭಾಷೆ ನಮ್ಮದು. ರುಲ್ಫೊನ ಈ ಏರಿಳಿತಕ್ಕೆ ಬೇಕಾದ ಸಲಕರಣೆ ನಮ್ಮ ಮನೆಯಲ್ಲೇ ಇತ್ತು. ಸ್ಪ್ಯಾನಿಷಿನಲ್ಲಿದ್ದದ್ದು, ಕನ್ನಡದಲ್ಲೂ ಇದ್ದದ್ದು, ನಡುವಿನ ಇಂಗ್ಲಿಷಿನಲ್ಲಿ ಇಲ್ಲದ ಕಾರಣಕ್ಕೆ ಕನ್ನಡಕ್ಕೆ ಬರಲಿಲ್ಲ. ಸುತ್ತುದಾರಿಯ ಅನುವಾದದಲ್ಲಿ ‘ಏನೋ ಸ್ವಲ್ಪ ಸೋರುತ್ತದೆ’ ಎಂದು ನಾವು ಉಡಾಫೆಯಿಂದ ಹೇಳುತ್ತೇವೆ. ಸೋರುವುದು ಯಾವುದು ಎಂದು ಹುಡುಕಿದರೆ, ಹಲವು ಸಲ ಅದು ನಮಗೆ ತೀರ ಪರಿಚಿತವಾದದ್ದೇ ಆಗಿರುತ್ತದೆ.

ಆದರೆ ‘ನೀವು’ ಹಾಕಿದರೆ ಮುಗಿಯಿತೆ? ಇಲ್ಲ. ನಾನು ಹಾವೇರಿ ಕಡೆಯವಳು. ಬೆಳಿಗ್ಗೆ ತಡವಾಗಿ ಎದ್ದರೆ ನಮ್ಮವ್ವ ‘ಏನ್ರಿ ಬಾಯಾರ, ಎದ್ರ್ಯಾ? ಚಾ ಅಲ್ಲೇ ತಂದ್ಕೊಡ್ಲೇನ್ರಿ?’ ಎನ್ನುತ್ತಾಳೆ. ಈ ಬಹುವಚನ ಅಣಕ. ಅದರಲ್ಲಿ ಸಲುಗೆ ಮುರಿದಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ರುಲ್ಫೊನ ತಂದೆಯ ಬಾಯಲ್ಲಿ ‘ನೀವು’ ಬಂದರೆ ಕನ್ನಡ ಓದುಗರಿಗೆ ಮೊದಲು ಕೇಳಿಸುವುದು ಈ ಅಣಕವೇ. ಆದರೆ ಅವನು ಅಣಕಿಸುತ್ತಿಲ್ಲ.

ಇನ್ನೊಂದು ಬಹುವಚನವೂ ನಮ್ಮ ಮನೆಯಲ್ಲೇ ಇತ್ತು. ಕಾಕಾ ಹೇಳದೆ ಕೇಳದೆ ಹೊಲದ ಮೇಲೆ ಸಾಲ ಎತ್ತಿ, ಆ ಹೊಲ ಕೈಬಿಟ್ಟ ಮೇಲೆ, ಅಜ್ಜ ಅವನನ್ನು ಬೈಯಲಿಲ್ಲ. ಅಂದಿನಿಂದ ‘ನೀವು’ ಎಂದ. ‘ಊಟಾ ಮಾಡ್ರಿ’, ‘ಹೋಗಿ ಬರ್ರಿ’. ಮನೆಗೆ ಬಂದ ಪರ ಊರಿನವರಿಗೆ ಆಡುವಷ್ಟೇ ಹದವಾಗಿ. ಕಾಕಾ ಒಮ್ಮೆ ಅಂಗಳದಲ್ಲಿ ನಿಂತು ‘ಅಪ್ಪಾ, ಒಮ್ಮೆ ಲೇ ಅನ್ನೋ’ ಎಂದು ಅತ್ತದ್ದನ್ನು ನಾನು ಕಂಡಿದ್ದೇನೆ. ಆಗ ನನಗೆ ಎಂಟೋ ಒಂಬತ್ತೋ, ಸೆನ್ಯೋರಾನ ಮೊಮ್ಮಗನ ವಯಸ್ಸು. ಅಜ್ಜ ಸಾಯುವವರೆಗೂ ಅನ್ನಲಿಲ್ಲ. ಈ ನೆನಪನ್ನು ಇಟ್ಟುಕೊಂಡೇ ನಾನು ಅನುವಾದ ಮಾಡಲು ಕೂತಿದ್ದೆ, ಅಪ್ಪ ಮಗನಿಗೆ ‘ನೀವು’ ಎನ್ನುತ್ತಾನೆಯೆ ಎಂದು ನನ್ನನ್ನೇ ಕೇಳಿಕೊಂಡಿದ್ದೆ, ಇಲ್ಲ ಎಂದು ಉತ್ತರಿಸಿಕೊಂಡಿದ್ದೆ. ಇಂಗ್ಲಿಷ್ ಪುಟ ನನ್ನ ಮುಂದಿದ್ದಾಗ ಅಜ್ಜ ನೆನಪಿಗೇ ಬರಲಿಲ್ಲ.

ಆದರೂ ಅಜ್ಜನ ‘ನೀವು’ ಕೂಡ ‘ಉಸ್ತೇದ್’ಗೆ ಪೂರ್ತಿ ಸಮವಲ್ಲ ಎಂಬುದು ಆಮೇಲೆ ತಿಳಿಯಿತು. ‘ಉಸ್ತೇದ್’ ಹುಟ್ಟಿದ್ದು ‘ವುಏಸ್ತ್ರಾ ಮೆರ್ಸೇದ್’ ಎಂಬುದರಿಂದ, ತಮ್ಮ ಕೃಪೆ ಎಂಬಂಥ ಮಾತು. ಅದರ ಕ್ರಿಯಾಪದ ಮಧ್ಯಮಪುರುಷದ್ದಲ್ಲ, ಪ್ರಥಮಪುರುಷದ್ದು. ಅಂದರೆ ಎದುರಿಗಿರುವವನನ್ನು ‘ಅವನು’ ಎಂಬ ವ್ಯಾಕರಣದಲ್ಲಿ ಮಾತಾಡಿಸಿದಂತೆ. ಪಠ್ಯಪುಸ್ತಕದ ಚೌಕ ನೋಡಿ ‘ನೀವು’ ಎಂದು ಬರೆದುಕೊಂಡಾಗ ನಾನು ಕನ್ನಡದ ಕಿವಿಯಿಂದಲೇ ತಪ್ಪಾಗಿ ಕೇಳಿಸಿಕೊಂಡಿದ್ದೆ. ಕನ್ನಡದ ದಡದಿಂದ ಇಳಿದವರೂ ತಪ್ಪುತ್ತಾರೆ. ವ್ಯತ್ಯಾಸವೆಂದರೆ ಆ ತಪ್ಪು ನಮ್ಮದು ಎಂದು ಗೊತ್ತಿರುವುದರಿಂದ ತಿದ್ದಿಕೊಳ್ಳುವ ದಾರಿಯೂ ಗೊತ್ತಿರುತ್ತದೆ. ‘ಸಾಹೇಬರು ಈಗ ಬಂದರು’ ಎಂದು ಎದುರಿಗೇ ನಿಂತವನನ್ನು ಬೇರೆಯವನೆಂಬಂತೆ ಆಡುವ ರೂಢಿ ನಮ್ಮಲ್ಲೂ ಇದೆ. ಅದರ ಅಣಕವನ್ನು ಕಳೆದು ತಣ್ಣಗಿನ ದೂರವನ್ನಷ್ಟೇ ಉಳಿಸಿಕೊಳ್ಳುವುದು ಹೇಗೆ? ನನ್ನ ಹೊಸ ಕರಡಿನಲ್ಲಿ ಸರ್ವನಾಮಗಳನ್ನು ಆದಷ್ಟೂ ಬಿಟ್ಟು, ಕ್ರಿಯಾಪದದ ಕೊನೆಯಲ್ಲಿ ಮಾತ್ರ ಬದಲಾವಣೆ ಕಾಣುವಂತೆ ಪ್ರಯತ್ನಿಸಿದ್ದೇನೆ. ‘ನೀವು’ ಎಂದು ಎತ್ತಿ ಹೇಳಿದರೆ ಅಣಕ ಕೇಳಿಸುತ್ತದೆ, ಪ್ರತ್ಯಯದಲ್ಲಿ ಇಟ್ಟರೆ ಅಜ್ಜ ಕೇಳಿಸುತ್ತಾನೆ. ಎಲ್ಲ ಕಡೆ ಇದು ಕೂಡಿಬಂದಿಲ್ಲ.

ಕ್ವೆರ್ನವಾಕಾದ ಬಗ್ಗೆ ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸಲಾರೆ. ‘ಡಿಸ್ಕೂಲಿಂಗ್ ಸೊಸೈಟಿ’ ಬರೆದ ಇವಾನ್ ಇಲಿಚ್ ನಮ್ಮಲ್ಲಿ ಶಿಕ್ಷಣದ ಚರ್ಚೆ ಮಾಡುವವರಿಗೆ ಗೊತ್ತು. ಅವನು 1960ರ ದಶಕದಲ್ಲಿ ಇದೇ ಊರಿನಲ್ಲಿ ಒಂದು ಕೇಂದ್ರ ನಡೆಸಿದ, ಅದು 1976ರಲ್ಲಿ ಮುಚ್ಚಿತು. ಉತ್ತರ ಅಮೆರಿಕದಿಂದ ಬರುವ ಪಾದ್ರಿಗಳಿಗೆ, ಸ್ವಯಂಸೇವಕರಿಗೆ ಅಲ್ಲಿ ಬಿಗಿಯಾಗಿ ಸ್ಪ್ಯಾನಿಷ್ ಕಲಿಸುತ್ತಿದ್ದರು. ವಿಚಿತ್ರವೆಂದರೆ ಅವರಲ್ಲಿ ಹಲವರನ್ನು ಸೇವೆಯ ಹುಮ್ಮಸ್ಸಿನಿಂದ ಬಿಡಿಸಿ ಮನೆಗೆ ವಾಪಸ್ ಕಳಿಸಬೇಕೆಂಬುದೂ ಇಲಿಚ್‌ನ ಉದ್ದೇಶವಾಗಿತ್ತು. ಭಾಷೆ ಕಲಿಯುವುದೆಂದರೆ ಅದರ ಶಬ್ದ ಕಲಿಯುವುದಕ್ಕಿಂತ ಅದರ ಮೌನಗಳನ್ನು ಕಲಿಯುವುದು, ಅದು ಇನ್ನೂ ಕಷ್ಟ ಎಂಬುದು ಅವನ ಒಂದು ಪ್ರಬಂಧದ ವಾದ. ಆ ಪ್ರಬಂಧವನ್ನು ನಾನು ಊರಲ್ಲಿದ್ದಾಗಲೇ ಓದಿದ್ದೆ. ಚಂದದ ಮಾತು ಎಂದು ಅಡಿಗೆರೆ ಹಾಕಿ ಮರೆತಿದ್ದೆ. ಒಲೆ ಆರಿಸಿ ದನಿ ಇಳಿಸಿದ ಆ ಕ್ಷಣದಲ್ಲಿ ಅದರ ಅರ್ಥ ತಿಳಿಯಿತು. ಸೆನ್ಯೋರಾ ‘ಉಸ್ತೇದ್’ ಎಂದಾಗ ಹುಡುಗನಿಗೆ ಕೇಳಿಸಿದ್ದು ಆ ಶಬ್ದವಷ್ಟೇ ಅಲ್ಲ, ಅಲ್ಲಿ ಬರಬೇಕಿದ್ದ ‘ತೂ’ ಬಾರದೆ ಹೋದದ್ದು. ಅದು ಕೋರ್ಸಿನ ಪಾಠಪಟ್ಟಿಯಲ್ಲಿರಲಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ನಾನು ಹಣ ಕೊಟ್ಟದ್ದು ತರಗತಿಗೆ. ನನ್ನ ಅಧ್ಯಾಯವನ್ನು ತಿದ್ದಿದ್ದು, ಯಾವ ಪ್ರಮಾಣಪತ್ರವೂ ಇಲ್ಲದೆ ದಿನವೂ ನನ್ನ ತೊದಲು ಮಾತನ್ನು ಕಾದು ಕೇಳಿಸಿಕೊಂಡ ಒಬ್ಬ ಅಜ್ಜಿಯ ಸಿಟ್ಟು.

ಹಾಗಾದರೆ ಮೂಲ ಭಾಷೆ ಕಲಿಯದವರು ಅನುವಾದ ಮಾಡಬಾರದೆ, ವಿಮರ್ಶೆ ಬರೆಯಬಾರದೆ? ಅಷ್ಟು ದುಡ್ಡು, ಅಷ್ಟು ಬಿಡುವು ಎಲ್ಲರಿಗೂ ಎಲ್ಲಿಂದ ಬರಬೇಕು? ನನಗೂ ಸಾಲದ ಕಂತು ಇನ್ನೂ ಬಾಕಿ ಇದೆ. ನಾನು ಕೇಳುವುದು ಸಣ್ಣದು. ಸುತ್ತುದಾರಿಯಲ್ಲಿ ಬಂದ ಪಠ್ಯವನ್ನು ಕನ್ನಡಕ್ಕೆ ತರುವಾಗ, ನಡುವಿನ ಭಾಷೆಯಲ್ಲಿ ಯಾವುದು ಇಲ್ಲ ಎಂಬ ಪಟ್ಟಿಯೊಂದು ನಮ್ಮ ಹತ್ತಿರ ಇರಲಿ. ನೀನು–ನೀವು ಅದರಲ್ಲಿ ಮೊದಲನೆಯದು. ಅಂಥ ಕಡೆಗಳಲ್ಲಿ ಮೂಲ ಬಲ್ಲ ಯಾರನ್ನಾದರೂ ಒಂದು ಮಾತು ಕೇಳಿದರೂ ಸಾಕು: ಇಲ್ಲಿ ಅವನು ಏನೆಂದು ಕರೆಯುತ್ತಾನೆ? ಇನ್ನು ವಿಮರ್ಶಕರು, ‘ಕನ್ನಡದ್ದೇ ಎನ್ನಿಸುವಷ್ಟು ಸಹಜವಾಗಿದೆ’ ಎಂದು ಅನುವಾದವನ್ನು ಹೊಗಳುವ ಮೊದಲು, ಆ ಸಹಜತೆ ಎಲ್ಲಿಂದ ಬಂತೆಂದು ಒಮ್ಮೆ ನೋಡಬೇಕು. ನನ್ನ ಅನುವಾದವೂ ಸಹಜವಾಗಿಯೇ ಇತ್ತು. ಮರಗಳ ಊರಿಗೆ ಹಸುವಿನ ಕೊಂಬು ಎಂದವರಿಗೂ ಆ ಹೆಸರು ಸಹಜವಾಗಿಯೇ ಕೇಳಿಸಿರಬೇಕು.

ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಕತೆಯ ಕಡೆಯ ಮಾತಿನಲ್ಲಿ ನಿಂತಿದ್ದೇನೆ. ಅಲ್ಲಿ ತಂದೆ ‘ತೂ’ಗೆ ಮರಳುತ್ತಾನೆ, ಕೇಳಿಸಿಕೊಳ್ಳಬೇಕಾದವನು ಆಗ ಇಲ್ಲ. ನನ್ನ ಹಳೆಯ ಅನುವಾದದಲ್ಲೂ ಆ ಜಾಗದಲ್ಲಿ ‘ನೀನು’ ಎಂದೇ ಇತ್ತು. ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಆದರೆ ಅಲ್ಲಿಯವರೆಗೆ ಎಲ್ಲೂ ಬಿಟ್ಟುಹೋಗದೆ ಇದ್ದದ್ದರಿಂದ, ಅದು ಮರಳಿ ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.